ಮೌಸ್ ಮಕ್ಕಳ ಕೈಗೆ ಕೊಡೋಣ

ಮಾನ್ಯ ಸಂಪಾದಕರೇ,

ನಾನು ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಸ್ಮಾರ್ಟ್ ಕ್ಲಾಸ್ ಬಂದ ಮೊದಲ ವರ್ಷ ಪಾಠದ ವಿಡಿಯೊ ಹಾಕುತ್ತಿದ್ದೆ, ಅಷ್ಟೇ. ಮಕ್ಕಳು ಸುಮ್ನೆ ನೋಡುತ್ತಾ ಕೂರುತ್ತಿದ್ದರು.

ಹೋದ ತಿಂಗಳು ಒಂಬತ್ತನೇ ತರಗತಿಯಲ್ಲಿ ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ಜಿಯೋಜೀಬ್ರಾ ಎಂಬ ಸಾಫ್ಟ್‌ವೇರ್ ತೆರೆದು ಮೌಸನ್ನು ಅವರಿಗೇ ಕೊಟ್ಟೆ. ಒಂದು ಚತುರ್ಭುಜ ಬರೆದು, ನಾಲ್ಕೂ ಬಾಹುಗಳ ಮಧ್ಯಬಿಂದು ಸೇರಿಸಿದರು. ಒಳಗೆ ಸಮಾಂತರ ಚತುರ್ಭುಜ ಮೂಡಿತು. 'ಇದನ್ನು ಕೆಡಿಸಿ ನೋಡೋಣ' ಎಂದೆ. ಹಿಂದಿನ ಬೆಂಚಿನ ಹುಡುಗ ಒಂದು ಮೂಲೆಯನ್ನು ಪರದೆಯ ಅಂಚಿನವರೆಗೂ ಎಳೆದ. ಕೆಡಲಿಲ್ಲ. ಅದನ್ನೇ ಒಳಕ್ಕೆ ತಳ್ಳಿ ಬಾಣದ ತುದಿಯ ಹಾಗೆ ಮಾಡಿದ. ಆಗಲೂ ಕೆಡಲಿಲ್ಲ. 'ಯಾಕ್ ಮಿಸ್, ಎಷ್ಟು ಎಳುದ್ರೂ ಹಂಗೇ ಬರ್ತದೆ?' ಎಂದ. ಒಂದು ವರ್ಷದಲ್ಲಿ ನನ್ನ ಪಿರಿಯಡ್‌ನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಕಂಪ್ಯೂಟರ್ ಬಿಟ್ಟು ಕಪ್ಪು ಹಲಗೆಗೆ ಬಂದೆವು. ಹುಡುಗಿಯೊಬ್ಬಳು ಕರ್ಣ ಎಳೆದಳು. ಎರಡು ತ್ರಿಭುಜಗಳಾದವು. ಎರಡರಲ್ಲೂ ಮಧ್ಯಬಿಂದು ಸೇರಿಸಿದ ಗೆರೆ ಕರ್ಣಕ್ಕೆ ಸಮಾಂತರ, ಉದ್ದ ಕರ್ಣದ ಅರ್ಧ. ಹಾಗಾದರೆ ಆ ಎರಡೂ ಗೆರೆ ಸಮ, ಸಮಾಂತರ ಅಲ್ವಾ, ಅದಕ್ಕೇ ಒಳಗೆ ಸಮಾಂತರ ಚತುರ್ಭುಜವೇ ಬರೋದು ಎಂದು ಅವಳೇ ಹೇಳಿದಳು. ನೂರು ಸಲ ಎಳೆದು ನೋಡಿದರೂ ಅದು ಗಣಿತದ ಸಾಧನೆ (ರುಜುವಾತು) ಆಗುವುದಿಲ್ಲ ಎಂಬುದೂ ಮಕ್ಕಳಿಗೆ ಅವತ್ತೇ ಹೊಳೆಯಿತು.

ಈಗ ಎಕ್ಸೆಲ್‌ನಲ್ಲಿ ಕೋಲಾರ ಎಪಿಎಂಸಿಯ ಟೊಮೆಟೊ ದರ ಬರೆದಿಡುತ್ತಿದ್ದಾರೆ. ಅರ್ಧಕ್ಕರ್ಧ ಮಕ್ಕಳದು ಟೊಮೆಟೊ ಬೆಳೆಯುವ ಮನೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಅವರಿಗೆ ನೆನಪಿದೆ. ಆ ತಿಂಗಳನ್ನು ಸೇರಿಸಿದರೆ ಸರಾಸರಿ ಎಷ್ಟು ಏರುತ್ತೆ, ತೆಗೆದರೆ ಎಷ್ಟು ಇಳಿಯುತ್ತೆ, ಆ ಸರಾಸರಿ ನಂಬಿ ಸಸಿ ನೆಡಬಹುದಾ ಎಂದು ದೊಡ್ಡ ಚರ್ಚೆಯೇ ನಡೆಯಿತು.

ಆದರೆ ಸ್ಮಾರ್ಟ್ ಕ್ಲಾಸ್ ವರದಿಯಲ್ಲಿ ನಮ್ಮನ್ನು ಕೇಳುವುದು ಎಷ್ಟು ವಿಡಿಯೊ ತೋರಿಸಿದಿರಿ ಎಂದು ಮಾತ್ರ. ಮಕ್ಕಳು ಏನು ಕೇಳಿದರು ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ವಾರಕ್ಕೆ ಒಂದು ಪಿರಿಯಡ್ ಆದರೂ ಲ್ಯಾಬ್‌ಗೆಂದೇ ಮೀಸಲಿಡಲಿ. ಜಿಯೋಜೀಬ್ರಾವನ್ನು ಶಾಲೆಗಳು ದುಡ್ಡು ಕೊಡದೆ ಬಳಸಬಹುದು. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ನಮ್ಮಲ್ಲಿ 41 ಮಕ್ಕಳಿಗೆ ಕೆಲಸ ಮಾಡುವ ಕಂಪ್ಯೂಟರ್ ಆರೇ. ಇನ್ನೂ ಜಾಸ್ತಿ ಕೊಡುವುದು ತಡವಾದರೆ ಸದ್ಯಕ್ಕೆ ಯುಪಿಎಸ್ ಬ್ಯಾಟರಿಯನ್ನಾದರೂ ಬದಲಿಸಿಕೊಡಿ. ಕರೆಂಟ್ ಹೋದರೆ ಮಕ್ಕಳು ಬರೆದ ಚಿತ್ರ ಅರ್ಧಕ್ಕೇ ಹೋಗುತ್ತದೆ.

– ಗಣಿತ ಶಿಕ್ಷಕಿ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ