ಸೇನೆಯ ಚಲನವಲನದ ವಿಡಿಯೊಗಳ ಕುರಿತು ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ, ಗಡಿಯಲ್ಲಿ ಉದ್ವಿಗ್ನತೆ ಉಂಟಾದಾಗಲೆಲ್ಲ ನಮ್ಮ ಗುಂಪಿನಲ್ಲಿ ಸೇನಾ ವಾಹನಗಳ ಸಾಲು, ಬೀದರ್ ವಾಯುನೆಲೆಯಿಂದ ಮೇಲೇರುವ ವಿಮಾನಗಳು, ರೈಲಿನಲ್ಲಿ ಸಾಗುವ ತುಕಡಿಗಳು ಎಂದು ವಿಡಿಯೊಗಳು ಬರತೊಡಗುತ್ತವೆ. ಸೇನೆಯಿಂದ ನಿವೃತ್ತನಾಗಿ ಊರಿಗೆ ಮರಳಿರುವ ನನಗೆ ಅವುಗಳನ್ನು ಕಂಡಾಗ ಅಭಿಮಾನಕ್ಕಿಂತ ಆತಂಕವೇ ಹೆಚ್ಚಾಗುತ್ತದೆ. ಸ್ಥಳ, ಸಮಯ, ದಿಕ್ಕು ತಿಳಿದರೆ ಎದುರಾಳಿಗೆ ಅಷ್ಟೇ ಸಾಕು. 2008ರ ಮುಂಬೈ ದಾಳಿಯ ವೇಳೆ ಟಿವಿಯ ನೇರ ಪ್ರಸಾರವನ್ನು ನೋಡುತ್ತಲೇ ಗಡಿಯಾಚೆಯ ಸೂತ್ರಧಾರರು ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ನೀಡುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ಪ್ರಕರಣದ ತೀರ್ಪಿನಲ್ಲಿ ದಾಖಲಿಸಿದೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ಸಾರ್ವಜನಿಕ ಪ್ರದರ್ಶನದ ಚಿತ್ರಗಳನ್ನು ಧಾರಾಳವಾಗಿ ಹಂಚಿಕೊಳ್ಳಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಸೇನೆಯ ಓಡಾಟದ ದೃಶ್ಯಗಳನ್ನು, ಮೂಲ ಗೊತ್ತಿಲ್ಲದ ಯುದ್ಧದ ಸುದ್ದಿಗಳನ್ನು ಇಲ್ಲಿಗೆ ಕಳುಹಿಸಬಾರದೆಂದು, ಈಗಾಗಲೇ ಕಳುಹಿಸಿದವರು ದಯವಿಟ್ಟು ಇಂದೇ ಅಳಿಸಬೇಕೆಂದು ಕೋರುತ್ತೇನೆ.