ಗೆಳೆಯನಿಗೊಂದು ಪತ್ರ: ಬ್ರೋರಾ ವಿಸ್ಕಿಯ ಬೆಲೆಯ ಬಗ್ಗೆ

ಪ್ರಿಯ ಗೆಳೆಯ,

ಒಂದು ಬಾಟಲಿ ವಿಸ್ಕಿಗೆ 4,500 ಪೌಂಡ್ ಕೇಳಿದ್ದು ಹಗಲು ದರೋಡೆಯಲ್ಲವೇ ಎಂದು ನೀನು ಬರೆದಿದ್ದೆ. ನೀನು ಹೇಳಿದ, ನಲವತ್ತು ವರ್ಷ ಪೀಪಾಯಿಯಲ್ಲಿ ಮಾಗಿದ ಆ ಬ್ರೋರಾ ವಿಸ್ಕಿ 1978ರಲ್ಲಿ ಬಟ್ಟಿ ಇಳಿಸಿದ್ದು. ಡಿಸ್ಟಿಲರಿಗೆ ಇನ್ನೂರು ವರ್ಷ ತುಂಬಿದ 2019ರಲ್ಲಿ, ಸ್ಥಾಪನೆಯ ಇಸವಿಗೆ ಹೊಂದುವಂತೆ, ಅದರ 1,819 ಬಾಟಲಿಗಳನ್ನಷ್ಟೇ ಮಾರಾಟಕ್ಕಿಟ್ಟರು. ಆ ಬೆಲೆಯನ್ನು ನಾನು ಸಮರ್ಥಿಸಲಾರೆ. ಆದರೆ ಆ ವಿಸ್ಕಿ ಅಪರೂಪವಾದದ್ದು ಯಾರ ಜಾಣತನದಿಂದಲೂ ಅಲ್ಲ, ಅಲಕ್ಷ್ಯದಿಂದ ಎಂಬುದನ್ನು ಹೇಳಲೇಬೇಕು.

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಬ್ರೋರಾದಲ್ಲಿ 1819ರಲ್ಲಿ ಈ ಡಿಸ್ಟಿಲರಿಯನ್ನು ಕಟ್ಟಿಸಿದವನು, ಮುಂದೆ ಸದರ್ಲ್ಯಾಂಡಿನ ಡ್ಯೂಕ್ ಆದ ಸ್ಟಾಫರ್ಡಿನ ಮಾರ್ಕ್ವಿಸ್ ಎಂಬ ಜಮೀನ್ದಾರ. ಅದೇ ವರ್ಷಗಳಲ್ಲಿ ಅವನ ಮತ್ತು ಅವನ ಹೆಂಡತಿಯ ಜಮೀನಿನಿಂದ ಸಾವಿರಾರು ಗೇಣಿದಾರರನ್ನು ಒಕ್ಕಲೆಬ್ಬಿಸಿ, ಒಳನಾಡಿನ ಕಣಿವೆಗಳನ್ನು ಕುರಿಗಳಿಗೆ ಬಿಟ್ಟುಕೊಟ್ಟು, ಜನರನ್ನು ಕರಾವಳಿಗೆ ತಳ್ಳಲಾಗುತ್ತಿತ್ತು. ಹೊಸ ಹೊಲಗಳ ಬಾರ್ಲಿ ಕಳ್ಳಭಟ್ಟಿಗೆ ಹೋಗದೆ ಕಾನೂನುಬದ್ಧ ಡಿಸ್ಟಿಲರಿಗೆ ಬರಲಿ ಎಂಬುದು ಅವನ ಲೆಕ್ಕಾಚಾರವಾಗಿತ್ತು. ದುಬಾರಿ ಮರದ ಪೆಟ್ಟಿಗೆಯೊಳಗಿಟ್ಟು ಮಾರುವ ಕಥೆಯಲ್ಲಿ ಆ ಜನರಿಗೂ ಒಂದೆರಡು ಸಾಲು ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಆಗ ಅದರ ಹೆಸರು ಕ್ಲೈನ್‌ಲಿಷ್. 1960ರ ದಶಕದ ಕೊನೆಯಲ್ಲಿ ಪಕ್ಕದಲ್ಲೇ ಹೊಸ ಡಿಸ್ಟಿಲರಿ ಎದ್ದು ಆ ಹೆಸರನ್ನು ಪಡೆಯಿತು. ಹಳೆಯದಕ್ಕೆ ಬೀಗ ಬಿತ್ತು. ಆದರೆ ಬ್ಲೆಂಡ್‌ಗಳಿಗೆ, ಅಂದರೆ ಹಲವು ವಿಸ್ಕಿಗಳ ಮಿಶ್ರಣಗಳಿಗೆ, ಬೇಕಾದ ಐಲಾ ದ್ವೀಪದ ಹೊಗೆವಾಸನೆಯ ಮಾಲ್ಟ್ ವಿಸ್ಕಿ ಸಾಲದೆ ಬಂದಾಗ, 1969ರಲ್ಲಿ ಅದನ್ನು ಮತ್ತೆ ತೆರೆದು, ಬ್ರೋರಾ ಎಂದು ಕರೆದು, ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಮಣ್ಣಿನಂಥ ಇಂಧನ) ಹೊಗೆಯಲ್ಲಿ ಒಣಗಿಸಿದ ಬಾರ್ಲಿಯಿಂದ ಬಟ್ಟಿ ಇಳಿಸತೊಡಗಿದರು. 1970ರ ದಶಕದ ಆರಂಭದ ಆ ಘಾಟು ಬ್ರೋರಾಗಳನ್ನೇ ಸಂಗ್ರಾಹಕರು ಇಂದು ಹುಡುಕಿಕೊಂಡು ಅಲೆಯುವುದು. ಮುಂದೆ ಹೊಗೆಯ ಅಂಶ ಬಹುಮಟ್ಟಿಗೆ ಕಡಿಮೆಯಾಯಿತು. 1983ರಲ್ಲಿ, ಉದ್ಯಮದ ಗೋದಾಮುಗಳು ಮಾರಾಟವಾಗದ ವಿಸ್ಕಿಯಿಂದ ತುಂಬಿ ತುಳುಕುತ್ತಿದ್ದಾಗ, ಮಾಲೀಕರು ಅದನ್ನು ಐಲಾದ ಪೋರ್ಟ್ ಎಲೆನ್ ಮೊದಲಾದ ಡಿಸ್ಟಿಲರಿಗಳೊಂದಿಗೆ ಮುಚ್ಚಿಬಿಟ್ಟರು. ಬ್ಲೆಂಡ್‌ಗೆಂದೇ ಇಳಿಸಿದ್ದ ಮದ್ಯದಲ್ಲಿ ಕೆಲವು ಪೀಪಾಯಿಗಳು ಹಾಗೆಯೇ ಉಳಿದವು, ಅಷ್ಟೇ.

ಅಷ್ಟು ವರ್ಷ ಉಳಿಯಲು ಅಲ್ಲಿನ ಚಳಿಯೂ ಕಾರಣ. ಅಲ್ಲಿ ಪೀಪಾಯಿಯೊಳಗಿನ ವಿಸ್ಕಿ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಿಂದ ಶೇಕಡಾ 10ಕ್ಕೂ ಹೆಚ್ಚು ಹಾರಿಹೋಗುತ್ತದೆ. ಇಲ್ಲಿ ನಲವತ್ತು ವರ್ಷ ಕಾದವನಿಗೆ ಸಿಗುವುದು ಹೆಚ್ಚುಕಡಿಮೆ ಬರಿದಾದ ಪೀಪಾಯಿ.

ಹಳೆಯ ತಾಮ್ರದ ಹಂಡೆಗಳನ್ನೇ ದುರಸ್ತಿ ಮಾಡಿ, ಅವುಗಳ ಕಟ್ಟಡವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಿ, 2021ರ ಮೇ ತಿಂಗಳಲ್ಲಿ ಬ್ರೋರಾವನ್ನು ಪುನಃ ಆರಂಭಿಸಿದ್ದಾರೆ. ಆ ಹೊಸ ವಿಸ್ಕಿ ಮಾಗುವವರೆಗೆ ನೀನು ಕಾಯಬೇಕಿಲ್ಲ, ಹಣ ಸುರಿಯಬೇಕಾಗಿಯೂ ಇಲ್ಲ: ಪಕ್ಕದ ಕ್ಲೈನ್‌ಲಿಷ್‌ನ 14 ವರ್ಷದ ಬಾಟಲಿ ಸಿಕ್ಕರೆ ಕೊಂಡುಕೋ. ಹೊಗೆ ಅಷ್ಟಾಗಿ ಇಲ್ಲದಿದ್ದರೂ, ನಾಲಿಗೆಯ ಮೇಲೆ ಮೇಣದಂತೆ ಹರಡುವ ಆ ಮನೆತನದ ಗುಣ ಅದರಲ್ಲಿದೆ.

ಇಂತಿ,
ನಿನ್ನ ಗೆಳೆಯ