ಮುಫಾಸನಿಗೆ ದನಿ ಕೊಟ್ಟವರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. "ಅಮ್ಮ, ಹತ್ತು ನಿಮಿಷ ಏನಾದರೂ ಓದಿ ರೆಕಾರ್ಡ್ ಮಾಡಿ ಕಳಿಸು. ಅಷ್ಟು ಸಾಕು. ಆಮೇಲೆ ಕಂಪ್ಯೂಟರೇ ನಿನ್ನ ದನಿಯಲ್ಲಿ ಪಾಪುಗೆ ಎಲ್ಲ ಕಥೆ ಹೇಳುತ್ತೆ" ಅಂದೆ. ಅಷ್ಟರಲ್ಲಿ ಪಾಪು ಎದ್ದು ಅಳೋಕೆ ಶುರು ಮಾಡಿದಳು, ನೀನು ಫೋನ್ ಇಟ್ಟೆ. ನನಗೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಹೂಂ ಅನ್ನಲಾ, ಬೇಡ ಅನ್ನಲಾ ಅಂತ ಎರಡು ದಿನ ಯೋಚಿಸಿದೆ. ಫೋನಿನಲ್ಲಿ ಇಷ್ಟೆಲ್ಲ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಾಗರದ ಮನೆಯಲ್ಲಿದ್ದ ಆ ಸಿಡಿ ನೆನಪಿದೆಯಾ? 'ದಿ ಲಯನ್ ಕಿಂಗ್', ಇಂಗ್ಲಿಷ್ ಕಾರ್ಟೂನ್ ಸಿನಿಮಾ. ಅಪ್ಪ ಶಿವಮೊಗ್ಗದಿಂದ ತಂದಿದ್ದು. ಒಂದೇ ಸಿನಿಮಾಗೆ ಎರಡು ಸಿಡಿ. ನೀನು ಒಂದನೇ ಕ್ಲಾಸಿನಲ್ಲಿದ್ದೆ. ಸ್ಕೂಲಿನಿಂದ ಬಂದು ಕೈಕಾಲು ತೊಳೆಯೋಕೂ ಮುಂಚೆ ಅದು ಹಾಕಬೇಕು. ನೋಡಿ ನೋಡಿ ಮೊದಲನೇ ಸಿಡಿಯಲ್ಲಿ ಗೀರು ಬಿದ್ದಿತ್ತು. ರಾತ್ರಿ ಹೊತ್ತು ಅಪ್ಪ ಸಿಂಹ ಮುಫಾಸ, ಮರಿ ಸಿಂಹ ಇಬ್ಬರೂ ಹುಲ್ಲಿನಲ್ಲಿ ಕೂತು ನಕ್ಷತ್ರ ನೋಡುತ್ತಾರಲ್ಲ, ಸರಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಚಿತ್ರವೆಲ್ಲ ಚೌಕ ಚೌಕವಾಗಿ ಒಡೆದು, ಮುಫಾಸ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತಿದ್ದ. ಬೇರೆ ಮಕ್ಕಳಾಗಿದ್ದರೆ ಗಲಾಟೆ ಮಾಡುತ್ತಿದ್ದವು. ನೀನು ಸುಮ್ನೆ ಮೊಣಕಾಲು ಅಪ್ಪಿಕೊಂಡು ಕಾಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಚಿತ್ರ ಇನ್ನೂ ಸರಿಯಾಗುವ ಮುಂಚೆ ದನಿ ಬಂದುಬಿಡುತ್ತಿತ್ತು. ಆಗ ನಿನ್ನ ಮುಖ ಅರಳುತ್ತಿತ್ತು.

ಒಂದು ದಿನ ಕೇಳಿದೆ, "ಮುಫಾಸ ಯಾಕಮ್ಮಾ ಕನ್ನಡ ಮಾತಾಡಲ್ಲ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿವಿ ದನಿ ಕಡಿಮೆ ಮಾಡಿ ನಾನೇ ಹೇಳೋಕೆ ಶುರು ಮಾಡಿದೆ. ನನಗೂ ಆ ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೆ ಯಾವಾಗ ಗದರುತ್ತಾನೆ, ಯಾವಾಗ ಗದರಿದ್ದಕ್ಕೆ ತಾನೇ ನೊಂದುಕೊಳ್ಳುತ್ತಾನೆ, ಯಾವಾಗ ಮಗನ ಮುಂದೆ ತನ್ನ ಭಯ ಹೇಳಿಕೊಳ್ಳುತ್ತಾನೆ, ಎಲ್ಲ ಆ ದನಿಯಲ್ಲೇ ತಿಳಿಯುತ್ತಿತ್ತು. ಅದನ್ನು ಹಿಡಿದುಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯ ಕನ್ನಡ ಮುಫಾಸ ನಾನೇ ಆಗಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಈಗ ಹೇಳಬಹುದು. 1960ರ ದಶಕದಲ್ಲಿ ಕನ್ನಡ ಚಿತ್ರರಂಗದವರು ಡಬ್ಬಿಂಗ್ ಬೇಡ ಅಂತ ಹೋರಾಡಿದರು. ಬೇರೆ ಭಾಷೆಯ ಸಿನಿಮಾಗಳೇ ಕನ್ನಡದ ಮಾತು ಹಚ್ಚಿಕೊಂಡು ಬಂದರೆ ಇಲ್ಲಿನ ಕಲಾವಿದರ, ಕೆಲಸಗಾರರ ಗತಿಯೇನು ಅನ್ನುವ ಭಯ. ಅದು ಸುಳ್ಳು ಭಯವಲ್ಲ. ಕಾನೂನಿನಲ್ಲಿ ನಿಷೇಧ ಇರಲಿಲ್ಲ, ಆದರೂ ಹತ್ತಿರ ಹತ್ತಿರ 50 ವರ್ಷ ಹಾಗೇ ನಡೆಯಿತು. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಮಕ್ಕಳಿಗೆ ಕನ್ನಡ ಮಾತಾಡುವ ಕಾರ್ಟೂನು ಸಿಕ್ಕಿತು, ನೀನು ಆಗಲೇ ದೊಡ್ಡವಳಾಗಿದ್ದೆ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಯಾರೂ ಅಡ್ಡಿ ಮಾಡದ ಹಾಗೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಮಾಡಿತು. ದೊಡ್ಡವರ ಸಿನಿಮಾ ವಿಷಯದಲ್ಲಿ ಎರಡೂ ಕಡೆ ನ್ಯಾಯವಿದೆ ಅನ್ನೋದು ನನ್ನ ಅನಿಸಿಕೆ. ಮಕ್ಕಳ ಸಿನಿಮಾನಾದರೂ ಬಿಡಬೇಕಿತ್ತು. ಒಂದಿಡೀ ಪೀಳಿಗೆಯ ಕನ್ನಡದ ಮಕ್ಕಳು ಪ್ರಾಣಿಗಳೆಲ್ಲ ಇಂಗ್ಲಿಷ್, ಹಿಂದಿ ಮಾತಾಡುತ್ತವೆ ಅಂದುಕೊಂಡೇ ಬೆಳೆದರು. 2019ರಲ್ಲಿ ಅದೇ ಸಿಂಹದ ಕಥೆ ಹೊಸದಾಗಿ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಆಗಲೂ ನಮಗೆ ಸಿಗಲಿಲ್ಲ.

ಇರಲಿ. ನಾನು ಹೇಳಬೇಕಾಗಿದ್ದು ಆ ದನಿಯ ಹಿಂದಿದ್ದವರ ವಿಷಯ.

2024ರ ಸೆಪ್ಟೆಂಬರಿನಲ್ಲಿ ನೀನು ಒಂದು ಮೆಸೇಜ್ ಹಾಕಿದೆ. "ಅಮ್ಮ, ಮುಫಾಸ ಹೋದ" ಅಂತ, ಅಷ್ಟೇ. ಜೇಮ್ಸ್ ಅರ್ಲ್ ಜೋನ್ಸ್ ತೀರಿಕೊಂಡಿದ್ದರು, 93 ವರ್ಷ. ಆವತ್ತೇ ಅವರ ಹೆಸರು ನನಗೆ ಗೊತ್ತಾಗಿದ್ದು. ನಮ್ಮ ನಡುಮನೆಯಲ್ಲಿ ವರ್ಷಗಟ್ಟಲೆ ದಿನಾ ಸಂಜೆ ಮಾತಾಡಿದವರು, ನಿನ್ನನ್ನು ಎಷ್ಟೋ ಸಲ ಮಲಗಿಸಿದವರು! ಸಿನಿಮಾ ಮುಗಿದು ಹೆಸರುಗಳು ಬರುವ ಹೊತ್ತಿಗೆ ನಾವು ಟಿವಿ ಆರಿಸಿ ಊಟಕ್ಕೆ ಎದ್ದಿರುತ್ತಿದ್ದೆವು. ನನಗೆ ತುಂಬ ಬೇಜಾರಾಯಿತು. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಪುಟ್ಟಿ, ಆ ಮನುಷ್ಯ ಚಿಕ್ಕವರಿದ್ದಾಗ ಉಗ್ಗುತ್ತಿದ್ದರು.

ಹುಟ್ಟಿದ್ದು 1931ರಲ್ಲಿ, ಅಮೆರಿಕದ ಮಿಸಿಸಿಪಿಯಲ್ಲಿ. ಬೆಳೆದಿದ್ದು ದೂರದ ಮಿಶಿಗನ್‌ನಲ್ಲಿ, ಅಜ್ಜ ಅಜ್ಜಿಯ ಹೊಲದ ಮನೆಯಲ್ಲಿ. ಉಗ್ಗು ಎಷ್ಟಿತ್ತು ಅಂದರೆ ಮಾತಾಡುವುದನ್ನೇ ಬಿಟ್ಟುಬಿಟ್ಟರು. ಹೆಚ್ಚುಕಡಿಮೆ ಎಂಟು ವರ್ಷ. ಸ್ಕೂಲಿನಲ್ಲಿ ಬರೆದು ತೋರಿಸುತ್ತಿದ್ದರು. ಮನೆಯ ದನಕರುಗಳ ಹತ್ತಿರ ಮಾತ್ರ ಮಾತಾಡುತ್ತಿದ್ದರಂತೆ. ಹೈಸ್ಕೂಲಿನಲ್ಲಿ ಡೊನಾಲ್ಡ್ ಕ್ರೌಚ್ ಅನ್ನುವ ಮೇಷ್ಟ್ರಿಗೆ ಈ ಹುಡುಗ ಗುಟ್ಟಾಗಿ ಪದ್ಯ ಬರೆಯುತ್ತಾನೆ ಅಂತ ಗೊತ್ತಾಯಿತು. ಒಂದು ಚಳಿಗಾಲದಲ್ಲಿ ಸರ್ಕಾರದವರು ಆ ಊರಿಗೆ ಗ್ರೇಪ್‌ಫ್ರೂಟ್ ಹಣ್ಣು ಹಂಚಿದ್ದರು, ನಮ್ಮ ಚಕ್ಕೋತದ ಜಾತಿಯದೇ. ಆ ಹಣ್ಣಿನ ರುಚಿ ಹುಡುಗನಿಗೆ ಎಷ್ಟು ಹಿಡಿಸಿತ್ತು ಅಂದರೆ ಅದರ ಮೇಲೆ ಒಂದು ಪದ್ಯ ಬರೆದಿದ್ದ. ಮೇಷ್ಟ್ರು ಅದನ್ನು ಓದಿ, ಇದು ನೀನು ಬರೆದಿದ್ದು ಅಂತ ನಂಬೋದು ಕಷ್ಟ, ನಿನ್ನದೇ ಆಗಿದ್ದರೆ ಎಲ್ಲರ ಮುಂದೆ ಬಾಯಿಪಾಠ ಹೇಳು ನೋಡೋಣ ಅಂದರು. ಹುಡುಗ ಎದ್ದು ನಿಂತ. ಹೇಳಿದ. ಒಂದು ಕಡೆಯೂ ತಡವರಿಸಲಿಲ್ಲ. ಆಮೇಲೂ ಮೇಷ್ಟ್ರು ಬಿಡಲಿಲ್ಲ, ಪದ್ಯ ಓದಿಸಿದರು, ಭಾಷಣ ಮಾಡಿಸಿದರು. ಉಗ್ಗು ಪೂರ್ತಿ ಹೋಗಲೇ ಇಲ್ಲ ಅಂತ ಜೋನ್ಸ್ ಅವರೇ ದೊಡ್ಡವರಾದ ಮೇಲೂ ಹೇಳಿಕೊಂಡಿದ್ದಾರೆ. ಅವರು ಅಷ್ಟು ನಿಧಾನವಾಗಿ, ಒಂದೊಂದು ಮಾತನ್ನೂ ತೂಗಿ ತೂಗಿ ಆಡುತ್ತಿದ್ದುದಕ್ಕೆ ಇದೂ ಕಾರಣ ಇರಬೇಕು ಅಂತ ನನಗನಿಸುತ್ತದೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ನಿನಗೆ ಹೇಳಿಲ್ಲ, ಈಗ ಹೇಳುತ್ತೇನೆ. ನಾನು ಪಾಠ ಮಾಡುತ್ತಿದ್ದ ನಾಲ್ಕನೇ ಕ್ಲಾಸಿನಲ್ಲಿ ಉಗ್ಗುವ ಹುಡುಗನೊಬ್ಬ ಇದ್ದ. ಪಾಠ ಓದಿಸುವಾಗ ಒಬ್ಬೊಬ್ಬರದೇ ಸರದಿ ಬರುತ್ತಿತ್ತಲ್ಲ, ಅವನ ಸರದಿ ಬಂದಾಗ ನಾನು "ನೀನು ಕೂತ್ಕೋ ಮಗಾ" ಅಂತ ಮುಂದಿನವರನ್ನು ಎಬ್ಬಿಸುತ್ತಿದ್ದೆ. ಪಾಪ, ಉಳಿದ ಮಕ್ಕಳು ನಗುತ್ತಾರೆ, ಅವನಿಗೆ ಅವಮಾನ ಆಗಬಾರದು ಅಂತ. ಅವನು ಎದ್ದು ನಿಂತಿರುತ್ತಿದ್ದ, ಪುಸ್ತಕ ತೆರೆದಿರುತ್ತಿತ್ತು, ಹಾಗೇ ಕೂತುಬಿಡುತ್ತಿದ್ದ. ಮುಂದಿನವನು ಓದುವಾಗ ಇವನ ಬೆರಳು ಸಾಲಿನ ಮೇಲೆ ಓಡುತ್ತಿತ್ತು. ಓದುವವನಿಗಿಂತ ಒಂದು ಪದ ಮುಂದೆ. ನಾನು ಅದನ್ನು ಕಣ್ಣಾರೆ ನೋಡಿದ್ದೆ. ನೋಡಿಯೂ ವರ್ಷಪೂರ್ತಿ ಅವನ ಬಾಯಲ್ಲಿ ಒಂದು ಪಾಠ ಓದಿಸಲಿಲ್ಲ. ಅದನ್ನು ಕರುಣೆ ಅಂದುಕೊಂಡಿದ್ದೆ. ಕರುಣೆ ಅಲ್ಲ ಅದು, ಅವನ ಸರದಿಯನ್ನು ನಾನು ಕಿತ್ತುಕೊಂಡಿದ್ದೆ. ಜೋನ್ಸ್ ಕಥೆ ಓದುವ ಹೊತ್ತಿಗೆ ನಾನು ರಿಟೈರ್ ಆಗಿ ಮೂರು ವರ್ಷ ಆಗಿತ್ತು.

ಆಮೇಲಿಂದ ಕಾರ್ಟೂನಿನಲ್ಲಿ ಯಾರು ಮಾತಾಡಿದರೂ ಇದು ಯಾರ ಗಂಟಲು ಅಂತ ಹುಡುಕುವುದು ಅಭ್ಯಾಸವಾಗಿದೆ. ನಿನಗೆ ಗೊತ್ತಾ, ನೀನು ಹೆದರಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಆ ಸಿಂಹದ ಗರ್ಜನೆ ಸಿಂಹದ್ದಲ್ಲ! ಫ್ರಾಂಕ್ ವೆಲ್ಕರ್ ಅನ್ನುವವರದು. ಲೋಹದ ಕಸದ ಡಬ್ಬಿಯೊಳಗೆ ಬಾಯಿಟ್ಟು ಗರ್ಜಿಸಿ ರೆಕಾರ್ಡ್ ಮಾಡಿದ್ದು. 'ಅಲಾದ್ದೀನ್' ಸಿನಿಮಾದ ಕೋತಿ ಅಬೂ ಕೂಡ ಅವರೇ. ಇನ್ನೊಂದು ವಿಷಯ ನನಗೆ ಹೊಸದು. ಇಂಥ ಸಿನಿಮಾಗಳಲ್ಲಿ ಮೊದಲು ದನಿ ರೆಕಾರ್ಡ್ ಆಗುತ್ತದೆ, ಆಮೇಲೆ ಅದಕ್ಕೆ ತಕ್ಕ ಹಾಗೆ ಚಿತ್ರ ಬರೆಯುತ್ತಾರೆ. ಮುಫಾಸನ ತಮ್ಮ ಸ್ಕಾರ್‌ನ ಚಿತ್ರ ಬರೆದವರು ಅವನಿಗೆ ದನಿ ಕೊಟ್ಟ ಜೆರೆಮಿ ಐರನ್ಸ್ ಅವರ ಮುಖಭಾವವನ್ನೂ ಅದರಲ್ಲಿ ತಂದರಂತೆ. ಅಂದರೆ ನೀನು ನೋಡಿದ ಸಿಂಹದ ಮುಖದಲ್ಲಿ ಆ ಮನುಷ್ಯನ ಮುಖವೂ ಇತ್ತು. ಡಬ್ಬಿಂಗ್ ಮಾಡುವವರದು ಉಲ್ಟಾ ಕೆಲಸ. ಚಿತ್ರ ಆಗಲೇ ಬಾಯಿ ಆಡಿಸಿ ಮುಗಿಸಿರುತ್ತದೆ, ಅದರ ತುಟಿಗೆ ಸರಿಯಾಗಿ ತಮ್ಮ ಭಾಷೆಯ ಮಾತು ಕೂರಿಸಬೇಕು. ನಾನು ಮನೆಯಲ್ಲಿ ಮಾಡಿ ನೋಡಿದ್ದೇನಲ್ಲ, ನನ್ನ ವಾಕ್ಯ ಮುಗಿಯುವ ಹೊತ್ತಿಗೆ ಮುಫಾಸ ಎದ್ದು ಹೋಗಿರುತ್ತಿದ್ದ.

ಮಿಕ್ಕಿ ಮೌಸ್, ಮಿನ್ನಿ ಮೌಸ್ ಇಬ್ಬರಿಗೂ ದನಿಯಾಗಿದ್ದ ವೇಯ್ನ್ ಆಲ್ವೈನ್ ಮತ್ತು ರೂಸಿ ಟೇಲರ್ 1991ರಲ್ಲಿ ಮದುವೆಯಾದರು. ಇದನ್ನು ಪಾಪು ದೊಡ್ಡವಳಾದ ಮೇಲೆ ಅವಳಿಗೆ ಹೇಳು, ಖುಷಿಪಡುತ್ತಾಳೆ.

ಸ್ನೋ ವೈಟ್ ಕಥೆ ಮಾತ್ರ ಅಷ್ಟು ಖುಷಿಯದಲ್ಲ. 1937ರ ಆ ಸಿನಿಮಾದಲ್ಲಿ ಹಾಡಿದ್ದೂ ಮಾತಾಡಿದ್ದೂ ಏಡ್ರಿಯಾನಾ ಕ್ಯಾಸಲಾಟಿ ಅನ್ನುವ ಹುಡುಗಿ. ಅವಳ ಅಪ್ಪ ಸಂಗೀತ ಕಲಿಸುತ್ತಿದ್ದರು. ಮಗುವಿನಂಥ ದನಿಯ ಹಾಡುಗಾರ್ತಿ ಯಾರಾದರೂ ಇದ್ದಾರಾ ಅಂತ ಡಿಸ್ನಿಯವರು ಅಪ್ಪನಿಗೆ ಫೋನ್ ಮಾಡಿದಾಗ ಇವಳು ಇನ್ನೊಂದು ಫೋನಿನಲ್ಲಿ ಕದ್ದು ಕೇಳಿಸಿಕೊಂಡು, ಅಲ್ಲೇ ಹಾಡಿಬಿಟ್ಟಳು. ಕೆಲಸ ಸಿಕ್ಕಿತು. ಇಡೀ ಸಿನಿಮಾಗೆ ಅವಳಿಗೆ ಸಿಕ್ಕಿದ್ದು 970 ಡಾಲರ್. ತೆರೆಯ ಮೇಲೆ ಹೆಸರೂ ಬರಲಿಲ್ಲ. ಅವಳದಷ್ಟೇ ಅಲ್ಲ, ದನಿ ಕೊಟ್ಟ ಯಾರ ಹೆಸರೂ ಬರಲಿಲ್ಲ. ಡಿಸ್ನಿ ಕಂಪನಿ ಅವಳಿಗೆ ದೊಡ್ಡ ಗೌರವ ಕೊಟ್ಟಿದ್ದು 1994ರಲ್ಲಿ, ಅಜ್ಜಿಯಾಗುವ ವಯಸ್ಸಿನಲ್ಲಿ. ಜಗತ್ತಿನ ಮಕ್ಕಳೆಲ್ಲ ಕೇಳಿದ ದನಿ, ಹೆಸರು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಕಂಠದಾನ ಅನ್ನುತ್ತಾರಲ್ಲ, ಎಷ್ಟು ಒಳ್ಳೆಯ ಮಾತು ನೋಡು. ದಾನ ಅಂದ ಮೇಲೆ ಕೊಡುವವರು ತಾವಾಗಿ ಕೊಡಬೇಕು, ತೆಗೆದುಕೊಂಡವರು ಕೊಟ್ಟವರ ಹೆಸರು ಹೇಳಬೇಕು.

ನಿನ್ನ ಕಂಪ್ಯೂಟರ್ ವಿಷಯಕ್ಕೆ ಬರುತ್ತೇನೆ. ನಾನು ಬೇಡವೇ ಬೇಡ ಅನ್ನುವವಳಲ್ಲ. ಜೋನ್ಸ್ ಅವರೇ ಒಪ್ಪಿದ್ದರು. 'ಸ್ಟಾರ್ ವಾರ್ಸ್' ಸಿನಿಮಾಗಳಲ್ಲಿ ಡಾರ್ತ್ ವೇಡರ್ ಅನ್ನುವ ಆ ಕಪ್ಪು ಮುಖವಾಡದವನಿಗೆ ದನಿ ಕೊಟ್ಟಿದ್ದೂ ಅವರೇ ಅಲ್ವಾ. 1977ರ ಮೊದಲ ಸಿನಿಮಾದಲ್ಲಿ ನನ್ನ ಹೆಸರು ಹಾಕಬೇಡಿ ಅಂದಿದ್ದರು. ವಯಸ್ಸಾದ ಮೇಲೆ, 2022ರಲ್ಲಿ ಬಂದ ಒಂದು ಸೀರಿಯಲ್ಲಿಗೆ ಅವರ ಹಳೇ ರೆಕಾರ್ಡಿಂಗುಗಳಿಂದ ಕಂಪ್ಯೂಟರಿನಲ್ಲಿ ಆ ದನಿ ಮಾಡಿದರು. ಮಾಡಿದವರು ಉಕ್ರೇನಿನ ಕೀವ್ ನಗರದವರು, ಅಲ್ಲಿ ಯುದ್ಧ ನಡೆಯುವಾಗ. ಕೇಳಿಯೇ ಮಾಡಿದರು, ಅವರು ಹೂಂ ಅಂದರು. ಅದು ದಾನವೇ. ಕೇಳದೆ ತೆಗೆದುಕೊಂಡರೆ ಮಾತ್ರ ಕಳ್ಳತನ. ಎಷ್ಟೋ ಕಲಾವಿದರು ಈಗ ಅದಕ್ಕಾಗಿಯೇ ಜಗಳ ಮಾಡುತ್ತಿದ್ದಾರೆ, ಅವರು ಮಾಡುತ್ತಿರುವುದು ಸರಿ.

ಆದರೂ ನನ್ನದೊಂದು ಮಾತು. ಕಂಪ್ಯೂಟರಿಗೆ ಆ ದನಿ ಸಿಕ್ಕಿತು. ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹುಡುಗ ಅದಕ್ಕೆ ಸಿಕ್ಕನಾ? ಮರಿಸಿಂಹವನ್ನು ಗದರುವಾಗ ಆ ದನಿ ಒಂದು ಗಳಿಗೆ ತಡೆದು, ಆಮೇಲೆ ಮೆತ್ತಗಾಗುತ್ತದಲ್ಲ, ಆ ತಡೆಯಲ್ಲೇ ನೀನು ಅಪ್ಪನನ್ನು ಕಂಡಿದ್ದೆ. ನಾನು ನಿನಗೆ ಕಥೆ ಹೇಳುವಾಗಲೂ ಹಾಗೇ ಅಲ್ವಾ? ನಿನ್ನ ಕಣ್ಣು ನೋಡಿಕೊಂಡು ಹೇಳುತ್ತಿದ್ದೆ. ಹೆದರಿದೆ ಅನಿಸಿದರೆ ಬೇಗ ಮುಗಿಸುತ್ತಿದ್ದೆ, ನಿದ್ದೆ ಬಂತು ಅನಿಸಿದರೆ ಎಳೆಯುತ್ತಿದ್ದೆ. ಹತ್ತು ನಿಮಿಷದ ರೆಕಾರ್ಡಿನಲ್ಲಿ ಅದೆಲ್ಲ ಎಲ್ಲಿಂದ ಬರಬೇಕು?

ಅದಕ್ಕೇ ನಾನೊಂದು ತೀರ್ಮಾನ ಮಾಡಿದ್ದೇನೆ. ಪಾಪುಗೆ ಕಥೆ ನಾನೇ ಹೇಳುತ್ತೇನೆ. ಒಂದೊಂದೇ, ಪೂರ್ತಿ. ವಾರಕ್ಕೆ ಒಂದರ ಹಾಗೆ ವಾಟ್ಸಾಪಿಗೆ ಕಳಿಸುತ್ತೇನೆ. ಕೈಲಾಗದೆ ಹೋದ ಕಾಲಕ್ಕೆ ಕಂಪ್ಯೂಟರ್ ಬೇಕಾದರೆ ಆಗಲಿ, ಆಗ ನಿನಗೆ ನನ್ನ ಒಪ್ಪಿಗೆ ಇದೆ, ಇದನ್ನೇ ಒಪ್ಪಿಗೆ ಪತ್ರ ಅಂದುಕೋ.

ಮೊದಲನೆಯದನ್ನು ನಿನ್ನೆ ರಾತ್ರಿ ಕೂತು ರೆಕಾರ್ಡ್ ಮಾಡಿದೆ. ಸಿಂಹದ್ದೇ. ನಲವತ್ತು ನಿಮಿಷ ಆಯಿತು. ನಡುವೆ ಅಪ್ಪ ಕೆಮ್ಮಿದ್ದು ಕೇಳುತ್ತದೆ, ಮಳೆಯ ಸದ್ದೂ ಇದೆ. ಶುರುವಿನಲ್ಲೇ ಜೇಮ್ಸ್ ಅರ್ಲ್ ಜೋನ್ಸ್ ಹೆಸರು ಹೇಳಿದ್ದೇನೆ, ಅವಳಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ನಕ್ಷತ್ರ ನೋಡುವ ಜಾಗ ಬಂದಾಗ ದನಿ ನಿಂತುಹೋಗುತ್ತದೆ. ಫೋನ್ ಕೆಟ್ಟಿದೆ ಅಂದುಕೊಂಡು ಆಫ್ ಮಾಡಬೇಡ. ಅಲ್ಲಿ ನಾನೇ ನಿಲ್ಲಿಸಿದ್ದೇನೆ. ಸ್ವಲ್ಪ ಕಾಯಿರಿ ಇಬ್ಬರೂ, ಬರುತ್ತದೆ.

ನಿನ್ನ
ಅಮ್ಮ